ಒಳರಸ್ತೆಗಳಿಗೆ ದಿಕ್ಕು ಯಾರು?

ರಸ್ತೆ ಎಂದೊಡನೆ ನಮ್ಮ ಮಂತ್ರಿಮಹೋದಯರ ಕಣ್ಣಿಗೆ ಕಟ್ಟುವುದು ಹೆದ್ದಾರಿ. ಅದಕ್ಕೆ ಭೂಮಿಪೂಜೆಯುಂಟು, ರಿಬ್ಬನ್ನು ಕತ್ತರಿಸುವ ಸಮಾರಂಭವುಂಟು, ಟೋಲಿನ ಕಟ್ಟೆಯುಂಟು, ಕಟ್ಟೆಯ ಹಿಂದೆ ಗುತ್ತಿಗೆದಾರನುಂಟು. ಆದರೆ ನಮ್ಮ ಧಾರವಾಡ ಜಿಲ್ಲೆಯಲ್ಲಿ ಇನ್ನೊಂದು ಜಾತಿಯ ರಸ್ತೆಯೂ ಇದೆ. ಒಂದು ಊರಿನ ಅಗಸಿಯಿಂದ ಹೊರಟು ಇನ್ನೊಂದು ಊರಿನ ಕೆರೆಯ ಏರಿಗೆ ಹೋಗಿ ಮುಟ್ಟುವ ಈ ರಸ್ತೆಯನ್ನು ಉದ್ಘಾಟಿಸಿದವರ ಹೆಸರು ಯಾರಿಗೂ ನೆನಪಿಲ್ಲ. ಅದರ ಮೇಲೆ ತಾಸಿಗೆ ಒಂದೆರಡು ಟ್ರ್ಯಾಕ್ಟರು, ನಾಲ್ಕಾರು ಮೋಟಾರ್ ಸೈಕಲ್ಲು, ಒಂದು ಕುರಿಹಿಂಡು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಈ ಒಳರಸ್ತೆಗಳ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ನಾವು ಬಹುದಿನಗಳಿಂದ ಅಂದುಕೊಂಡಿದ್ದೆವು. ದೀಪಾವಳಿ ಕಳೆದ ಮೇಲೆ ನಾಲ್ಕು ರವಿವಾರ ಸೈಕಲ್ಲು ಹತ್ತಿ ಕುಂದಗೋಳ, ಅಣ್ಣಿಗೇರಿ, ನವಲಗುಂದ, ಕಲಘಟಗಿಗಳ ಸೀಮೆಯನ್ನು ಸುತ್ತಿಬಂದ ಮೇಲಂತೂ ಬರೆಯದೆ ಇರಲಾಗಲಿಲ್ಲ.

ಇದನ್ನು ಕೇಳಿ ನಮ್ಮ ಸಂಗಾತಿಗಳೊಬ್ಬರು ನಕ್ಕರು. "ಹುಬ್ಬಳ್ಳಿಯ ಹಳೆಯ ಬಟ್ಟೆಗಿರಣಿಗಳ ಭೋಂಗಾ ನಿಂತು ಎಷ್ಟೋ ಕಾಲವಾಯಿತು. ಗುತ್ತಿಗೆ ಕೂಲಿಯವನಿಗೆ ಪಗಾರ ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲ. ನೀವು ಸೈಕಲ್ ಸವಾರಿಯ ಪುರಾಣ ಹೇಳುತ್ತೀರಿ. ಇದು ಉಂಡವರ ಮಾತು" ಎಂದರು. ಮಾತು ತಳ್ಳಿಹಾಕುವಂಥದಲ್ಲ. ಆದರೆ ಅವರು ನಕ್ಕ ಆ ದಿನವೂ ರವಿವಾರವೇ ಆಗಿತ್ತು. ರವಿವಾರವಾದ್ದರಿಂದಲೇ ಅವರು ನಮ್ಮೊಡನೆ ಕೂತು ಚಹಾ ಕುಡಿಯುತ್ತಿದ್ದರು. ಆ ರವಿವಾರವನ್ನು ನಮಗೆ ಯಾರು ಕೊಟ್ಟರು? ದೇವರು ಕೊಡಲಿಲ್ಲ, ಮಾಲಕರೂ ತಾವಾಗಿ ಕೊಡಲಿಲ್ಲ. ಮುಂಬಯಿಯ ಗಿರಣಿ ಕಾಮಗಾರರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ವರ್ಷಗಟ್ಟಲೆ ಹೋರಾಡಿ 1890ರ ಜೂನ್ 10ರಂದು ಗಿರಣಿ ಮಾಲಕರಿಂದ ಪಡೆದುಕೊಂಡ ದಿನ ಅದು. ಈಗ ಅದರ ಮೇಲೆ ಮತ್ತೆ ಕಣ್ಣು ಬಿದ್ದಿದೆ. 2023ರಲ್ಲಿ ನಮ್ಮದೇ ರಾಜ್ಯದ ಶಾಸನಸಭೆ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು ದಿನಕ್ಕೆ ಹನ್ನೆರಡು ತಾಸಿನ ದುಡಿಮೆಗೆ ಬಾಗಿಲು ತೆರೆಯಿತು. 2025ರ ಜನವರಿಯಲ್ಲಿ ಒಂದು ಭಾರಿ ಕಂಪನಿಯ ಅಧ್ಯಕ್ಷರು ರವಿವಾರವೂ ಆಳುಗಳನ್ನು ದುಡಿಸಿಕೊಳ್ಳಲು ಆಗುತ್ತಿಲ್ಲವಲ್ಲ ಎಂದು ಪೇಚಾಡಿಕೊಂಡದ್ದು ಪತ್ರಿಕೆಗಳಲ್ಲೆಲ್ಲ ಬಂತು. ಮನೆಯಲ್ಲಿ ಕೂತು ಏನು ಮಾಡುತ್ತೀರಿ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ನಮ್ಮಲ್ಲಿರಬೇಕಷ್ಟೆ. ರಜೆಯ ದಿನ ದುಡಿಯುವವನು ಎಲ್ಲಿಗೆ ಹೋಗಬೇಕು? ಸಿನೇಮಾ ತಿಕೀಟಿನ ದರ ಗೊತ್ತೇ ಇದೆ. ದೊಡ್ಡ ದೊಡ್ಡ ಮಾಲುಗಳಲ್ಲಿ ತಂಪು ಗಾಳಿ ಪುಕ್ಕಟೆ, ಉಳಿದದ್ದಕ್ಕೆಲ್ಲ ರೊಕ್ಕ. ಮಕ್ಕಳ ಕೈಹಿಡಿದು ಅಲ್ಲಿ ಒಂದು ಸುತ್ತು ಹಾಕಿ ಏನೂ ಕೊಳ್ಳದೆ ಹೊರಗೆ ಬರುವ ತಂದೆಯ ಮುಖವನ್ನು ನಾವು ಕಂಡಿದ್ದೇವೆ. ಇತ್ತ ಹುಬ್ಬಳ್ಳಿಯ ಕೊನೆಯ ಮನೆ ದಾಟಿದ ಅರ್ಧ ತಾಸಿಗೆ ಎರೆಹೊಲಗಳ ಬಯಲು ತೆರೆದುಕೊಳ್ಳುತ್ತದೆ. ಅದನ್ನು ನೋಡಲು ತಿಕೀಟಿಲ್ಲ.

ಬೇಕಾದದ್ದು ಒಂದು ಸೈಕಲ್ಲು. ಗೇರು ಗೀರು ಇದ್ದ ವಿಲಾಯತಿ ಸೈಕಲ್ಲೇ ಬೇಕೆಂದಿಲ್ಲ. ನಮ್ಮ ತಂಡದಲ್ಲಿದ್ದವು ಹೆಚ್ಚಾಗಿ ಹಳೆಯ ಕರಿ ಸೈಕಲ್ಲುಗಳೇ, ಹಿಂದೆ ಕ್ಯಾರಿಯರು, ಮುಂದೆ ಗಂಟೆ. 2011ರ ಜನಗಣತಿಯಲ್ಲಿ ದೇಶದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ಲಿತ್ತು. ಅಂದರೆ ಇದು ಬಡವನ ವಾಹನವೆಂಬುದು ಬರೀ ಭಾಷಣದ ಮಾತಲ್ಲ. ಆ ಬಡವನ ವಾಹನದ ಮೇಲೂ ಸರಕಾರ ನೂರಕ್ಕೆ ಹನ್ನೆರಡರಂತೆ ತೆರಿಗೆ ಹಾಕಿತ್ತು; 2025ರ ಸೆಪ್ಟೆಂಬರಿನಲ್ಲಿ ಅದು ಐದಕ್ಕೆ ಇಳಿಯಿತು. ಇಳಿದದ್ದು ಒಳ್ಳೆಯದೇ. ಆದರೆ 1951ರಲ್ಲಿ ಆರಂಭವಾಗಿ ನಮ್ಮ ಹಳ್ಳಿಹಳ್ಳಿಗೂ ಸೈಕಲ್ಲು ಮುಟ್ಟಿಸಿದ ಅಟ್ಲಾಸ್ ಕಂಪನಿಯ ಕೊನೆಯ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿದಾಗ ಅದರ ಕಾರ್ಮಿಕರ ಪಾಲಿಗೆ ಯಾವ ಇಳಿಕೆಯೂ ಬರಲಿಲ್ಲ. ಆ ದಿನ ವಿಶ್ವಸಂಸ್ಥೆಯವರು ಗೊತ್ತುಮಾಡಿದ ವಿಶ್ವ ಸೈಕಲ್ ದಿನವಾಗಿತ್ತು. ಚೇಷ್ಟೆಗೂ ಒಂದು ಮಿತಿ ಬೇಡವೇ?

ಇರಲಿ, ದಾರಿಗೆ ಬರೋಣ.

ಮೊದಲ ರವಿವಾರ ಹುಬ್ಬಳ್ಳಿಯಿಂದ ಶೇರೆವಾಡದ ಮೇಲೆ ಕುಂದಗೋಳಕ್ಕೆ ಹೊರಟೆವು. ಸುಮಾರು ಇಪ್ಪತ್ತು ಕಿಲೋಮೀಟರು. ಇದು ಲಕ್ಷ್ಮೇಶ್ವರಕ್ಕೆ ಹೋಗುವ ರಸ್ತೆಯಾದ್ದರಿಂದ ಪೂರ್ತಿ ಶಾಂತವೆಂದು ಹೇಳಲಾರೆವು, ಆದರೆ ನಸುಕಿನಲ್ಲಿ ಹೊರಟರೆ ಕಾಟವಿಲ್ಲ. ಕುಂದಗೋಳವೆಂದರೆ ಸವಾಯಿ ಗಂಧರ್ವರ ಊರು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ಅವರಲ್ಲಿ ಪಾಠ ಹೇಳಿಸಿಕೊಳ್ಳಲು ರೈಲಿನಲ್ಲಿ ಈ ಊರಿಗೆ ಬಂದುಹೋಗುತ್ತಿದ್ದರು. ಗದಗಿನ ಹುಡುಗ ಭೀಮಸೇನ ಜೋಶಿ ಇಲ್ಲಿಯೇ ಉಳಿದು ಕಲಿತದ್ದು. ನಾಡಗೀರರ ವಾಡೆಯ ಮುಂದೆ ಸೈಕಲ್ಲು ನಿಲ್ಲಿಸಿ ಒಂದು ಗಳಿಗೆ ನಿಂತೆವು. ಅಲ್ಲಿಂದ ಸಂಶಿ, ಗುಡಗೇರಿಗಳ ಕಡೆಗೆ ಹೊರಳಿದ ಮೇಲೆ ದಾರಿಯ ನಿಜವಾದ ಸುಖ ಶುರುವಾಯಿತು. ಎರಡೂ ಮಗ್ಗುಲಿಗೆ ಮೆಣಸಿನಕಾಯಿ, ಹತ್ತಿ. ಬಿತ್ತಿದ ಕಡಲೆ ಆಗಷ್ಟೇ ತಲೆಯೆತ್ತಿತ್ತು. ಕಳಸದ ಗುರು ಗೋವಿಂದ ಭಟ್ಟರು, ಶಿಶುನಾಳದ ಶರೀಫರು — ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ — ಬಾಳಿದ ಸೀಮೆ ಇದು. ಶರೀಫರು ತೀರಿಹೋದದ್ದು 1889ರಲ್ಲಿ. ಜಿಲ್ಲೆ ಒಡೆದು 1997ರಲ್ಲಿ ಶಿಶುನಾಳ ಹಾವೇರಿ ಜಿಲ್ಲೆಗೆ ಹೋಯಿತು, ಕಳಸ ಧಾರವಾಡದಲ್ಲಿಯೇ ಉಳಿಯಿತು. ಸೈಕಲ್ಲಿನವನಿಗೆ ಆ ಗಡಿ ಕಾಣುವುದಿಲ್ಲ. ಎರಡೂ ಕಡೆಯ ತಗ್ಗುಗಳು ಒಂದೇ ಆಳ.

ಇಂಥ ಒಳರಸ್ತೆಯ ಚಹಾದಂಗಡಿಗಳ ಬಗ್ಗೆ ವ್ಯಾಪಾರಿ ಬಾಂಧವರಿಗೆ ಒಂದು ಮಾತು. ಹೆದ್ದಾರಿಯ ಮೋಟಾರು ನಿಮ್ಮ ಊರಿನಲ್ಲಿ ನಿಲ್ಲುವುದಿಲ್ಲ. ಬೈಪಾಸು ಆದ ಮೇಲೆ ಎಷ್ಟು ಊರುಗಳ ಖಾನಾವಳಿ, ಪಾನಪಟ್ಟಿ ಅಂಗಡಿಗಳು ಬಾಗಿಲು ಹಾಕಿದವೆಂಬುದು ನಿಮಗೇ ಗೊತ್ತು. ಸೈಕಲ್ಲಿನವನು ಹತ್ತು ಕಿಲೋಮೀಟರಿಗೊಮ್ಮೆ ಇಳಿಯಲೇಬೇಕು. ನಾವು ಎಂಟು ಜನ ಆ ಒಂದು ದಿನ ಐದು ಅಂಗಡಿಗಳಲ್ಲಿ ಚಹಾ ಕುಡಿದೆವು, ಒಂದು ಕಡೆ ಗಿರ್ಮಿಟ್ಟು ಮಿರ್ಚಿ ತಿಂದೆವು, ಎರಡು ಕಡೆ ಪಂಕ್ಚರು ಹಾಕಿಸಿದೆವು. ಪಂಕ್ಚರು ಹಾಕಿದ ಮುದುಕ ಹೇಳಿದ್ದು: ಹಿಂದೆ ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ತನ್ನ ಅಂಗಡಿಯಲ್ಲಿ ಹನ್ನೆರಡು ಸೈಕಲ್ಲಿದ್ದವಂತೆ, ಈಗ ಇರುವುದು ಒಂದು, ಅದೂ ತನ್ನದು.

ಎರಡನೆಯ ರವಿವಾರ ಅಣ್ಣಿಗೇರಿ. ಹುಬ್ಬಳ್ಳಿಯಿಂದ ಗದಗಿನ ಹೆದ್ದಾರಿ ನೇರವಾಗಿ ಅಲ್ಲಿಗೆ ಹೋಗುತ್ತದೆ, ಆದರೆ ಅದರ ಮೇಲೆ ಸೈಕಲ್ಲು ತುಳಿಯುವುದೆಂದರೆ ಲಾರಿಗಳ ದಯೆಯ ಮೇಲೆ ಬದುಕುವುದು. ಅದಕ್ಕೆ ದಕ್ಷಿಣಕ್ಕೆ ಸರಿದು ಕೋಳಿವಾಡದ ಕಡೆಯ ಒಳದಾರಿ ಹಿಡಿದೆವು. ಕೋಳಿವಾಡ ಕುಮಾರವ್ಯಾಸನ ಊರು, ಅಣ್ಣಿಗೇರಿ ಪಂಪನ ಊರು. ಇಬ್ಬರು ಮಹಾಕವಿಗಳ ಊರುಗಳ ನಡುವೆ ಒಂದು ಬೆಳಗಿನ ಸೈಕಲ್ ದಾರಿ! ಹೊರದೇಶದವರಿಗೆ ಇಂಥ ದಾರಿ ಸಿಕ್ಕಿದ್ದರೆ ನಕಾಶೆ ಅಚ್ಚು ಹಾಕಿಸುತ್ತಿದ್ದರು. ನಮ್ಮಲ್ಲಿ ಕೈಕಂಬವೂ ಇಲ್ಲ. ಮೂರು ದಾರಿ ಕೂಡುವಲ್ಲಿ ನಿಂತು, ಮೇಯಿಸಲು ಬಂದ ಹುಡುಗನನ್ನು ಕೇಳಿ ಮುಂದೆ ಹೋದೆವು. ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಕಂಬಗಳ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಹನ್ನೊಂದು ಹೊಡೆದಿತ್ತು.

ಇಲ್ಲಿ ಗಾಳಿಯ ಮಾತು ಹೇಳಬೇಕು. ಜೂನಿನಿಂದ ಸೆಪ್ಟೆಂಬರಿನ ತನಕ ಈ ಬಯಲಿನಲ್ಲಿ ಪಡುವಣ ಗಾಳಿ. ಹೋಗುವಾಗ ಬೆನ್ನಿಗೆ ಕೈಯಿಟ್ಟು ನೂಕುತ್ತದೆ, ಮರಳುವಾಗ ಎದೆಗೆ ಕೈಯಿಟ್ಟು ತಡೆಯುತ್ತದೆ. ಹೊಸಬರು ಹೋಗುವಾಗಿನ ಹುರುಪಿನಲ್ಲಿ ಲೆಕ್ಕ ತಪ್ಪುತ್ತಾರೆ. ಚಳಿಗಾಲದಲ್ಲಿ ಮೂಡಣ ಗಾಳಿಯಾದ್ದರಿಂದ ಲೆಕ್ಕ ತಿರುವುಮುರುವು. ಹೋಗುವಾಗ ಕಷ್ಟ, ದಣಿದು ಮರಳುವಾಗ ಸುಖ. ಗಾಳಿಗಿಂತ ದೊಡ್ಡ ವೈರಿ ಎರೆಮಣ್ಣು. ಮೂರನೆಯ ರವಿವಾರ ಅಣ್ಣಿಗೇರಿಯಿಂದ ನವಲಗುಂದಕ್ಕೆ, ಅಂದರೆ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ದಾರಿ, ಹೊರಟವರು ಸುತ್ತು ಉಳಿಸುವ ಆಸೆಯಿಂದ ಒಂದು ಹೊಲದಾರಿಗೆ ಇಳಿದೆವು. ಹಿಂದಿನ ರಾತ್ರಿ ಅಕಾಲದ ಮಳೆ ಬಿದ್ದದ್ದು ಗೊತ್ತಿರಲಿಲ್ಲ. ನೂರು ಮಾರು ಹೋಗುವಷ್ಟರಲ್ಲಿ ಗಾಲಿಗೂ ಮಡ್ಗಾರ್ಡಿಗೂ ನಡುವೆ ಮಣ್ಣು ಕಟ್ಟಿ ಗಾಲಿ ತಿರುಗುವುದೇ ನಿಂತಿತು. ನೂಕಿದರೆ ನಡೆಯದು, ಎತ್ತಿದರೆ ಎರಡು ಪಟ್ಟು ಭಾರ. ಕಡೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದೆವು. ಹೊಲದಲ್ಲಿದ್ದ ರೈತನೊಬ್ಬ ಕುಡಗೋಲಿನ ತುದಿಯಿಂದ ಮಣ್ಣು ಕೆರೆದುಕೊಟ್ಟು, "ಸೈಕಲ್ ನಿಮ್ಮನ್ನ ಹೊರಬೇಕೋ, ನೀವು ಸೈಕಲ್ ಹೊರಬೇಕೋ?" ಎಂದು ಕೇಳಿದ. ಉತ್ತರ ಹೇಳುವ ಸ್ಥಿತಿಯಲ್ಲಿ ನಾವಿರಲಿಲ್ಲ. ಅವನಿಗೆ ಆ ಮಣ್ಣು ರವಿವಾರದ ಮೋಜಲ್ಲ. ಮಳೆಗಾಲದಲ್ಲಿ ಬೆಳೆ ಮನೆಗೆ ತರುವಾಗ ದಿನವೂ ಕಾಣುವ ಪಾಡು. ಒಳರಸ್ತೆಗೆ ಡಾಂಬರು ಬೇಕೆಂಬ ಮಾತಿಗೆ ಸವಾರಿಯವನಿಗಿಂತ ಅವನ ಸಾಕ್ಷಿಯೇ ದೊಡ್ಡದು.

ನವಲಗುಂದದ ಗುಡ್ಡ ದೂರದಿಂದಲೇ ಕಾಣುತ್ತದೆ. ಹೆಣ್ಣುಮಕ್ಕಳು ಮಗ್ಗದ ಮೇಲೆ ಜಮಖಾನೆ ನೇಯುವ ಊರು ಇದು. ಆ ಜಮಖಾನೆಗೆ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದೆ. ಇಲ್ಲಿಯೇ 1980ರ ಜುಲೈ 21ರಂದು, ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲೀಬಾರಾಯಿತು. ಅದೇ ದಿನ ನರಗುಂದದಲ್ಲಿಯೂ ಆಯಿತು. ಅಂದು ರೈತರು ಊರೂರಿನಿಂದ ಬಂದದ್ದು ಇವೇ ಒಳರಸ್ತೆಗಳ ಮೇಲೆ. ನರಗುಂದದ ದಾರಿಯಲ್ಲಿ ಯಮನೂರು. ಹಿಂದೂಗಳೂ ಮುಸಲ್ಮಾನರೂ ಕೂಡಿ ನಡೆಸುವ ರಾಜಾಬಾಗಸವಾರನ ಉರುಸಿನ ಊರು. ಅದರ ಬದಿಗೇ ಬೆಣ್ಣಿಹಳ್ಳ. ಹೆಸರು ಬೆಣ್ಣೆಯದು, ಸ್ವಭಾವ ಹಾಗಲ್ಲ. ಶಿಗ್ಗಾಂವಿ ಕಡೆಯ ದುಂಡಸಿಯ ಗುಡ್ಡಗಳಲ್ಲಿ ಹುಟ್ಟಿ, ಕುಂದಗೋಳ ಹುಬ್ಬಳ್ಳಿ ನವಲಗುಂದ ದಾಟಿ ಮಲಪ್ರಭೆಗೆ ಬೀಳುವ ಈ ಹಳ್ಳ 2009ರಲ್ಲಿಯೂ 2019ರಲ್ಲಿಯೂ ಉಕ್ಕಿ ಹೊಲ ರಸ್ತೆ ಒಂದು ಮಾಡಿತು. ತುಪ್ಪರಿಹಳ್ಳದ ಕಥೆಯೂ ಅದೇ. ನೀರು ಇಳಿದ ಮೇಲೆ ಹೆದ್ದಾರಿಯ ಸೇತುವೆಗೆ ಮೊದಲು ದುರಸ್ತಿ. ಒಳರಸ್ತೆಯ ಸಿಡಿ ಕುಸಿದರೆ ಊರಿನವರು ಕಲ್ಲು ತುಂಬಿ ತಾವೇ ದಾಟುತ್ತಾರೆ.

ಬಯಲು ಸಾಕೆನಿಸಿದವರು ಕಲಘಟಗಿಯ ಕಡೆ ತಿರುಗಬೇಕು. ನಾಲ್ಕನೆಯ ರವಿವಾರ ನಾವು ಮಾಡಿದ್ದೂ ಅದನ್ನೇ. ಹುಬ್ಬಳ್ಳಿಯಿಂದ ಪಡುವಣಕ್ಕೆ ಹತ್ತು ಹನ್ನೆರಡು ಕಿಲೋಮೀಟರು ಹೋಗುವುದರೊಳಗೆ ಮಣ್ಣಿನ ಬಣ್ಣ ಬದಲಾಗುತ್ತದೆ, ಕರಿದು ಹೋಗಿ ಕೆಂಪು ಬರುತ್ತದೆ. ಹುಬ್ಬಳ್ಳಿಯ ಆಸುಪಾಸಿನಲ್ಲಿಯೇ ನೀರು ಎರಡು ಪಾಲಾಗುತ್ತದೆ. ಮೂಡಣಕ್ಕೆ ಬಿದ್ದ ಹನಿ ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆಯ ಮೇಲೆ ಬಂಗಾಲ ಉಪಸಾಗರಕ್ಕೆ. ಪಡುವಣಕ್ಕೆ ಬಿದ್ದದ್ದು ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರಕ್ಕೆ. ಇದನ್ನು ಶಾಲೆಯ ನಕಾಶೆಯಲ್ಲಿ ಎಲ್ಲರೂ ಓದಿದ್ದೇವೆ, ಆದರೆ ಕಾಲಿಗೆ ಅರ್ಥವಾಗುವುದು ಸೈಕಲ್ಲು ತುಳಿದಾಗಲೇ. ಏರು, ಇಳಿವು, ಮತ್ತೆ ಏರು. ಗೇರಿಲ್ಲದ ಸೈಕಲ್ಲಿನವರು ಏರಿಗೆ ಇಳಿದು ನೂಕಿದೆವು. ಅದರಲ್ಲಿ ನಾಚಿಕೆಯೇನಿಲ್ಲ, ಮಾತಾಡಲು ಪುರಸೊತ್ತು ಸಿಗುತ್ತದೆ. ಹುಬ್ಬಳ್ಳಿಯ ನಲ್ಲಿಗಳಿಗೆ ನೀರು ಕೊಡಲೆಂದು 1950ರ ದಶಕದಲ್ಲಿ ಕಟ್ಟಿದ ನೀರಸಾಗರದ ದಂಡೆ, ದುಮ್ಮವಾಡದ ಕಡೆಯ ಭತ್ತದ ಗದ್ದೆ, ಗೋವಿನಜೋಳದ ಹೊಲ, ತಂಬೂರಿನ ಕೆರೆ, ಅಲ್ಲಿನ ಬಸವಣ್ಣನ ಗುಡಿ, ಅದರಾಚೆ ಸಾಗವಾನಿಯ ಕಾಡು. ಕಲಘಟಗಿಯ ಪೇಟೆಯಲ್ಲಿ ಬಣ್ಣದ ತೊಟ್ಟಿಲು ಮಾಡುವವರ ಮನೆ. ಒಂದು ಮಧ್ಯಾಹ್ನ ಪೂರ್ತಿ ನಮಗೆ ಕೇಳಿಸಿದ್ದು ಸರಪಳಿಯ ಸದ್ದು, ಹಕ್ಕಿಯ ಸದ್ದು. ಬಾಯ್ಲರಿನ ಬದಿಗೆ ಇಪ್ಪತ್ತು ವರ್ಷ ದುಡಿದ ನಮ್ಮ ಗೆಳೆಯರೊಬ್ಬರು ಕೆರೆಯ ಏರಿಯ ಮೇಲೆ ಕೂತು, "ಕಿವಿಯೊಳಗಿನ ಗಿರಣಿ ಇವತ್ತು ಬಂದಾಯಿತು" ಎಂದರು. ಈ ಒಂದು ಮಾತಿಗೋಸ್ಕರವಾದರೂ ನಮ್ಮ ಲೇಖನ ಬರೆಯತಕ್ಕದ್ದೇ.

ಆದರೆ ಹುಬ್ಬಳ್ಳಿಯಿಂದ ಕಲಘಟಗಿಯ ಮೇಲೆ ಯಲ್ಲಾಪುರ, ಅಂಕೋಲೆಗಳಿಗೆ ಹೋಗುವ ದೊಡ್ಡ ರಸ್ತೆಯನ್ನು ನಾವು ಎರಡು ಕಡೆ ದಾಟಲೇಬೇಕಾಯಿತು. ಆ ರಸ್ತೆಯ ಹುಟ್ಟು ಗಿರಣಿ ಕಾಮಗಾರರು ತಿಳಿದುಕೊಳ್ಳತಕ್ಕ ಸಂಗತಿ. 1861ರಿಂದ 1865ರ ತನಕ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಅರಳೆ ಇಂಗ್ಲೆಂಡಿಗೆ ಬರುವುದು ನಿಂತಾಗ, ಮ್ಯಾಂಚೆಸ್ಟರಿನ ಗಿರಣಿ ಮಾಲಕರ ಕಣ್ಣು ನಮ್ಮ ಎರೆಹೊಲಗಳ ಮೇಲೆ ಬಿತ್ತು. ಧಾರವಾಡ ಸೀಮೆಯ ಅರಳೆಯನ್ನು ಕಾರವಾರದ ಬಂದರಿಗೆ ಇಳಿಸುವುದು ಸುಲಭವಾಗಲೆಂದೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿಸಿದರು. ಅರಬೈಲ ಘಟ್ಟದ ದಾರಿಯನ್ನು ಬಂಡಿಗಳಿಗೆ ತಕ್ಕಂತೆ ಮಾಡಿದರು. ಅಂದರೆ ದೊಡ್ಡ ರಸ್ತೆ ಅಂದೂ ಸರಕಿಗಾಗಿ ಹುಟ್ಟಿತು, ಇಂದೂ ಸರಕಿಗಾಗಿ ಅಗಲವಾಗುತ್ತದೆ. ಮನುಷ್ಯನಿಗಾಗಿ ಹುಟ್ಟಿದ್ದು ಒಳರಸ್ತೆ.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ನಮ್ಮ ಅರಳೆ ಯಾವ ಸೀಮೆಯ ಗಿರಣಿಗಳಿಗೆ ಹೋಯಿತೋ ಅದೇ ಸೀಮೆಯ ದುಡಿಯುವ ಜನ ಮುಂದೆ ಮೂವತ್ತು ವರ್ಷಕ್ಕೆ ಮಾಡಿದ ಕೆಲಸ ನೋಡಿರಿ. ಮ್ಯಾಂಚೆಸ್ಟರಿನಲ್ಲಿ ರಾಬರ್ಟ್ ಬ್ಲಾಚ್‌ಫರ್ಡ್ ಎಂಬವರು 1891ರಲ್ಲಿ 'ಕ್ಲಾರಿಯನ್' ಎಂಬ ಸಮಾಜವಾದಿ ವಾರಪತ್ರಿಕೆ ಹೊರಡಿಸಿದರು. ನಮ್ಮ ಪತ್ರಿಕೆಯ ಅಣ್ಣ ಎನ್ನೋಣ. 1894ರಲ್ಲಿ ಬರ್ಮಿಂಗ್‌ಹ್ಯಾಮಿನ ಕೆಲವು ಓದುಗರು ಕೂಡಿ ಆ ಪತ್ರಿಕೆಯ ಹೆಸರಿನಲ್ಲಿ ಸೈಕಲ್ ಸಂಘ ಕಟ್ಟಿದರು. ಮರುವರ್ಷ ಈಸ್ಟರಿನ ರಜೆಯಲ್ಲಿ ಡಾರ್ಬಿಶೈರಿನ ಗುಡ್ಡಗಾಡಿನ ಆಶ್‌ಬರ್ನ್ ಎಂಬ ಊರಿನಲ್ಲಿ ಹಲವು ಊರುಗಳ ಸಂಘಗಳು ಕೂಡಿದವು. ವಾರವಿಡೀ ಹೊಗೆಯಲ್ಲಿ ದುಡಿದವರು ರಜೆಯ ದಿನ ಗುಡ್ಡಗಳ ನಡುವಿನ ಸಣ್ಣ ದಾರಿ ಹಿಡಿದು ಹೋಗುವರು, ಚೀಲದಲ್ಲಿ ಪತ್ರಿಕೆ, ಕರಪತ್ರ; ಹಳ್ಳಿಯ ನಡುವೆ ಇಳಿದು ಸಭೆ ಮಾಡುವರು, ಮತ್ತೆ ಸೈಕಲ್ಲು ಹತ್ತುವರು. ಲ್ಯಾಂಕಶೈರಿನ ನೆಲ್ಸನ್ ಎಂಬ ನೇಯ್ಗೆಯ ಊರಿನ ಸಮಾಜವಾದಿಗಳು 1912ರಲ್ಲಿ ಪೆಂಡಲ್ ಗುಡ್ಡದ ಸೀಮೆಯಲ್ಲಿ ಒಂದು ಸಣ್ಣ ಚಹಾದ ಮನೆ ಕಟ್ಟಿದರು. ಅದು ಇನ್ನೂ ನಿಂತಿದೆ. ರವಿವಾರ ಬಾಗಿಲು ತೆರೆಯುತ್ತದೆ. ನಡೆದು ಬಂದವರಿಗೆ, ಸೈಕಲ್ಲಿನ ಮೇಲೆ ಬಂದವರಿಗೆ ದೊಡ್ಡ ಲೋಟದಲ್ಲಿ ಚಹಾ ಸಿಗುತ್ತದೆ. ಗಿರಣಿಗಳು ಹೋದವು, ಚಹಾದ ಮನೆ ಉಳಿಯಿತು.

ಅವರಿಗೂ ದಾರಿ ಪುಕ್ಕಟೆ ಸಿಗಲಿಲ್ಲ. ಗುಡ್ಡಗಳೆಲ್ಲ ಜಮೀನುದಾರರ ಬೇಟೆಯ ಕಾವಲಾಗಿದ್ದವು. 1932ರ ಏಪ್ರಿಲ್ 24ರಂದು, ಅದೂ ರವಿವಾರವೇ, ಮ್ಯಾಂಚೆಸ್ಟರ್ ಕಡೆಯ ನೂರಾರು ತರುಣ ಕಾರ್ಮಿಕರು ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ ನಿಷೇಧ ಮುರಿದು ನುಗ್ಗಿದರು. ಅವರ ಮುಂದಾಳು ಇಪ್ಪತ್ತು ವರ್ಷದ ಬೆನ್ನಿ ರಾಥ್‌ಮನ್. ಪೋಲೀಸರ ಕಣ್ಣು ತಪ್ಪಿಸಲು ರೈಲು ಬಿಟ್ಟು ಸೈಕಲ್ಲಿನ ಮೇಲೆ ಬಂದಿದ್ದ. ಅವನೂ ಸೇರಿ ಐವರಿಗೆ ಜೈಲಾಯಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು, 1951ರಲ್ಲಿ ಅದೇ ಗುಡ್ಡಗಳ ಸೀಮೆ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಮುಂದೆ ಅಲ್ಲಿ ಶಾಂತವಾದ ಹಳ್ಳಿದಾರಿಗಳನ್ನು ಜೋಡಿಸಿ, ನಂಬರು ಕೊಟ್ಟು, ಫಲಕ ನೆಟ್ಟು ದೇಶವ್ಯಾಪಿ ಸೈಕಲ್ ದಾರಿಯ ಜಾಲವನ್ನೇ ಮಾಡಿದರು. ಹಾಗೆಂದು ಅಲ್ಲಿ ಎಲ್ಲವೂ ಸರಿಯಿದೆಯೆಂದಲ್ಲ. 2020ರಲ್ಲಿ ಆ ಜಾಲದ ಸುಮಾರು ಕಾಲುಭಾಗವನ್ನು, ಮೋಟಾರುಗಳ ದಟ್ಟಣೆಯಿಂದಾಗಿ, ಪಟ್ಟಿಯಿಂದ ಕೈಬಿಡುವ ಇಲ್ಲವೇ ದರ್ಜೆ ಬದಲಿಸುವ ಕೆಲಸವನ್ನು ಅದನ್ನು ಕಟ್ಟಿದವರೇ ಮಾಡಬೇಕಾಯಿತು. ಶಾಂತವಾದ ರಸ್ತೆ ತಾನಾಗಿ ಶಾಂತವಾಗಿ ಉಳಿಯುವುದಿಲ್ಲ.

ನಮ್ಮಲ್ಲಿಯೂ ಅದೇ ಶುರುವಾಗಿದೆ. ನಮ್ಮ ಒಳರಸ್ತೆಗೆ ಬಂದ ಹೊಸ ಕಂಟಕ ಖಡಿ, ಮರಳು, ಮೊರಂ ಹೇರಿದ ಟಿಪ್ಪರು. ಟೋಲು ತಪ್ಪಿಸಲು, ತೂಕದ ಕಾಟ ತಪ್ಪಿಸಲು ಅವು ಹಳ್ಳಿದಾರಿ ಹಿಡಿಯುತ್ತವೆ. ಗ್ರಾಮ ಸಡಕ ಯೋಜನೆಯ ರಸ್ತೆ ಸಾಮಾನ್ಯವಾಗಿ 3.75 ಮೀಟರು ಅಗಲ, ಬಂಡಿ ಟ್ರ್ಯಾಕ್ಟರು ಬಸ್ಸುಗಳ ಭಾರಕ್ಕೆ ಲೆಕ್ಕ ಹಾಕಿ ಮಾಡಿದ್ದು. ಅದರ ಮೇಲೆ ಮಿತಿಮೀರಿ ಹೇರಿದ ಟಿಪ್ಪರು ನಾಲ್ಕು ತಿಂಗಳು ಓಡಾಡಿದರೆ ಮೊದಲು ಅಂಚು ಮುರಿಯುತ್ತದೆ, ಆಮೇಲೆ ನಡುವೆ ಕುಸಿಯುತ್ತದೆ, ಮಳೆ ಬಿದ್ದೊಡನೆ ಅಡಿಯ ಎರೆಮಣ್ಣು ಉಬ್ಬಿ ಉಳಿದದ್ದನ್ನು ಮುಗಿಸುತ್ತದೆ. 2000ದ ಡಿಸೆಂಬರ್ 25ರಂದು ಆರಂಭವಾದ ಆ ಯೋಜನೆಯ ಕರಾರಿನಂತೆ ರಸ್ತೆ ಮಾಡಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕು. ಐದು ವರ್ಷ ಮುಗಿದ ಮೇಲೆ? ಕಾಗದದ ಮೇಲೆ ಹೊಣೆ ರಾಜ್ಯದ್ದು. ಹಳ್ಳಿಯವನು ಕೇಳಲು ಹೋದರೆ ಒಂದು ಕಚೇರಿ ಇನ್ನೊಂದನ್ನು ತೋರಿಸುತ್ತದೆ. ಹೊಸ ರಸ್ತೆಗೆ ಹಣವುಂಟು, ಇದ್ದ ರಸ್ತೆಯ ತಗ್ಗು ತುಂಬಲು ಇಲ್ಲ. ಯಾಕೆಂದರೆ ತಗ್ಗು ತುಂಬಿದ್ದಕ್ಕೆ ಯಾರೂ ರಿಬ್ಬನ್ನು ಕತ್ತರಿಸುವುದಿಲ್ಲ.

ಹಳ್ಳಿಯ ಜನರಲ್ಲಿ ಎಲ್ಲರೂ ನಮ್ಮ ಮಾತು ಒಪ್ಪಿದರೆಂದು ಹೇಳಿದರೆ ಸುಳ್ಳಾಗುತ್ತದೆ. ಕಲಘಟಗಿ ಕಡೆಯ ಒಂದು ಹಳ್ಳಿಯ ಹುಡುಗಿ, ಹುಬ್ಬಳ್ಳಿಯಲ್ಲಿ ಕಾಲೇಜು ಓದುವವಳು, ನೇರವಾಗಿಯೇ ಕೇಳಿದಳು: "ರಸ್ತೆ ಅಗಲ ಆದರೆ ಬಸ್ಸು ಹೆಚ್ಚು ಬರತಾವ. ನಿಮಗ ಒಂದು ದಿನ ಶಾಂತಿ ಬೇಕು, ನಮಗ ಆರು ದಿನ ಬಸ್ಸು ಬೇಕು." ನಾವು ತಲೆಬಾಗಿದೆವು. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದಾಗ ಸ್ವಾಗತಿಸಿದವರು ನಾವು. ಆದರೆ ಬಸ್ಸು ಬರದಿರುವುದು ರಸ್ತೆ ಕಿರಿದೆಂದಲ್ಲ. ಬಸ್ಸು ಬಿಡುವವರ ಲೆಕ್ಕದಲ್ಲಿ ಆ ಊರು ಕಿರಿದೆಂದು. ಆ ಹುಡುಗಿಯ ಮಾತಿನಿಂದ ನಮಗೆ ಇನ್ನೊಂದು ನೆನಪಾಯಿತು. 2006-07ರಿಂದ ಸರಕಾರಿ ಶಾಲೆಯ ಎಂಟನೆಯ ಇಯತ್ತೆಯ ಮಕ್ಕಳಿಗೆ ರಾಜ್ಯ ಸರಕಾರ ಪುಕ್ಕಟೆ ಸೈಕಲ್ಲು ಕೊಡುತ್ತಿತ್ತು. ಹಳ್ಳಿಯ ಎಷ್ಟು ಹೆಣ್ಣುಮಕ್ಕಳು ಅದರ ಮೇಲೆ ಹೈಸ್ಕೂಲು ಮುಗಿಸಿದರೆಂಬುದನ್ನು ಈ ಒಳರಸ್ತೆಗಳೇ ಹೇಳಬೇಕು. 2020ರಲ್ಲಿ ರೋಗದ ನೆಪದಿಂದ ಅದು ನಿಂತಿತು. ರೋಗ ಹೋದ ಮೇಲೂ ವರ್ಷಗಟ್ಟಲೆ ಸೈಕಲ್ಲು ಬರಲಿಲ್ಲ. ಅದಕ್ಕಾಗಿ ಯಾವ ಸಭಾತ್ಯಾಗವೂ ಆಗಲಿಲ್ಲ.

ಆದ್ದರಿಂದ ನಾವು ಕೇಳುವುದು ಅಗಲವಾದ ರಸ್ತೆಯಲ್ಲ, ಬಾಳುವ ರಸ್ತೆ. ಐದು ವರ್ಷ ತೀರಿದ ಪ್ರತಿ ಹಳ್ಳಿರಸ್ತೆಗೂ ವರ್ಷಾವರ್ಷ ದುರಸ್ತಿಯ ಹಣ ಹೊಸ ಕಾಮಗಾರಿಗಿಂತ ಮೊದಲು ಕಾದಿಡಬೇಕು. ಅದನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಭಾರದ ಟಿಪ್ಪರುಗಳನ್ನು ಒಳರಸ್ತೆಯಿಂದ ಹೊರಗಿಡಬೇಕು. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ಮೇಲಿನ ಸಣ್ಣ ಸೇತುವೆಗಳನ್ನು ನೆರೆಯ ಮಟ್ಟ ನೋಡಿ ಎತ್ತರಿಸಬೇಕು. ಹೆದ್ದಾರಿ ಎಲ್ಲೆಲ್ಲಿ ಹಳ್ಳಿಯನ್ನು ಸೀಳಿದೆಯೋ ಅಲ್ಲೆಲ್ಲ ಸೈಕಲ್ಲು, ಬಂಡಿ, ದನಕರು ದಾಟಲು ಕೆಳದಾರಿ ಬೇಕು. ನಾವು ಕಣ್ಣಾರೆ ಕಂಡದ್ದು ಇದು: ಹೊಲ ಅತ್ತ, ಮನೆ ಇತ್ತ ಇದ್ದ ಒಬ್ಬ ಅಜ್ಜ, ದೂರದ ಸುತ್ತು ತಪ್ಪಿಸಲು ಮೇವಿನ ಹೊರೆ ಸಮೇತ ಸೈಕಲ್ಲನ್ನು ನಡುಗೋಡೆಯ ಮೇಲೆ ಎತ್ತಿಟ್ಟು ದಾಟುತ್ತಿದ್ದ, ಎರಡೂ ಕಡೆಯಿಂದ ಲಾರಿಗಳು ಹಾರ್ನು ಬಾರಿಸುತ್ತಿದ್ದವು. 2021ರ ಜನವರಿ 15ರಂದು ಧಾರವಾಡದ ಹತ್ತಿರ ಇಟಿಗಟ್ಟಿಯ ಬಳಿ ದಾವಣಗೆರೆಯ ಗೆಳತಿಯರ ಗಾಡಿಗೆ ಟಿಪ್ಪರು ಬಡಿದು ಹತ್ತಕ್ಕೂ ಹೆಚ್ಚು ಜೀವ ಹೋದಾಗ ಬೈಪಾಸಿನ ಬಗ್ಗೆ ಇಡೀ ರಾಜ್ಯ ಮಾತಾಡಿತು, ಮಾತಾಡತಕ್ಕದ್ದೇ. ನಡುಗೋಡೆ ದಾಟುವ ಅಜ್ಜನ ಬಗ್ಗೆ ಮಾತಾಡುವವರು ಯಾರು?

ಮರಗಳ ಮಾತೂ ಇದೆ. ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸಿನ ಪ್ರತ್ಯೇಕ ದಾರಿಗಾಗಿ ಸಾಲುಮರಗಳು ಉರುಳಿದ್ದನ್ನು ಎಲ್ಲರೂ ಕಂಡಿದ್ದಾರೆ. ಒಳರಸ್ತೆಯ ಬೇವು, ಹುಣಿಸೆ, ಆಲದ ಮರಗಳಿಗೆ ಇನ್ನೂ ಕೊಡಲಿ ಬಿದ್ದಿಲ್ಲ. ಅಗಲದ ಆಸೆಯಲ್ಲಿ ಅವನ್ನೂ ಕಳೆದುಕೊಳ್ಳಬಾರದು. ಎಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಕೂಲಿಗೆ ನಡೆದು ಹೋಗುವ ಹೆಂಗಸಿಗೆ ಆ ನೆರಳು ಎಂಥದೆಂಬುದು ತಂಪುಗಾಡಿಯಲ್ಲಿ ಕೂತು ನಕಾಶೆ ಬರೆಯುವವರಿಗೆ ತಿಳಿಯದು. ಇನ್ನು ಮೂರು ದಾರಿ ಕೂಡುವಲ್ಲಿ ಊರಿನ ಹೆಸರು, ದೂರ ಬರೆದ ಒಂದು ಕಲ್ಲು, ಬದಿಗೊಂದು ಕುಡಿಯುವ ನೀರಿನ ನಳ. ಇದಕ್ಕೆ ಕೋಟಿಗಳು ಬೇಕಿಲ್ಲ.

ಸರಕಾರ ಮಾಡುವ ತನಕ ನಾವು ಕಾಯುವುದಿಲ್ಲ. ಕುಂದಗೋಳದಿಂದ ಕಲಘಟಗಿಯ ತನಕ ಟಿಪ್ಪರು ಇಲ್ಲದ, ಸೈಕಲ್ಲಿಗೆ ತಕ್ಕ ದಾರಿ ಯಾವುದು, ಎಲ್ಲಿ ಸಿಡಿ ಕುಸಿದಿದೆ, ಎಲ್ಲಿ ಪಂಕ್ಚರಿನ ಅಂಗಡಿ ಇದೆ ಎಂಬುದನ್ನು ಗುರುತಿಸಿ ಒಂದು ನಕಾಶೆ ಮಾಡಲು ಹೊರಟಿದ್ದೇವೆ. ಆಯಾ ಊರಿನ ಓದುಗರು ತಮ್ಮ ಊರಿನ ರಸ್ತೆ ಯಾವಾಗ ಆಯಿತು, ಕಡೆಗೆ ಎಂದು ದುರಸ್ತಿಯಾಯಿತು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಬೇಕು. ಆ ಪಟ್ಟಿ ಕೈಯಲ್ಲಿದ್ದರೆ ಜಿಲ್ಲಾ ಪಂಚಾಯತಿಯ ಬಾಗಿಲಿನಲ್ಲಿ ನಿಂತು ಮಾತಾಡುವುದಕ್ಕೆ ಬಲ ಬರುತ್ತದೆ.

ಬರುವ ರವಿವಾರ ಬೆಳಗಿನ ಆರು ತಾಸಿಗೆ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಕೂಡುವುದು. ಈ ಸಲ ನೀರಸಾಗರದ ಮೇಲೆ ತಂಬೂರಿಗೆ. ಏರು ಇದೆ, ಆದ್ದರಿಂದ ಬ್ರೇಕು, ಸರಪಳಿ ನೋಡಿಕೊಂಡು ಬರಬೇಕು. ಪಂಪು ಒಂದೆರಡು ಇದ್ದರೆ ಸಾಕು, ಪಂಕ್ಚರಿನ ಸಾಮಾನು ಎಲ್ಲರ ಹತ್ತಿರವೂ ಇರಲಿ. ಹೆಣ್ಣುಮಕ್ಕಳಿಗೆ, ಶಾಲೆಯ ಮಕ್ಕಳಿಗೆ ವಿಶೇಷ ಆಮಂತ್ರಣ. ಸೈಕಲ್ಲು ಇಲ್ಲದವರಿಗೆ ಮೂರು ಸೈಕಲ್ಲು ಕಚೇರಿಯಲ್ಲಿ ಇಟ್ಟಿದ್ದೇವೆ, ಮುಂಚೆ ತಿಳಿಸಿದವರಿಗೆ ಮೊದಲು. ರೊಟ್ಟಿ ಪಲ್ಯ ಅವರವರದು. ಹಿಂದಿನ ಕ್ಯಾರಿಯರಿನಲ್ಲಿ ಈ ವಾರದ ಸಂಚಿಕೆಯ ಹತ್ತು ಪ್ರತಿ ಕಟ್ಟಿಕೊಳ್ಳಲು ಜಾಗ ಬಿಟ್ಟಿರಬೇಕು.